ಮುರಕಲ್ಲಿನ ಕೆಂಪು, ಸಮುದ್ರದ ನೀಲಿ: ಒಂದೇ ಫೋಟೋದಲ್ಲಿ ಎರಡನ್ನೂ ಸರಿ ಮಾಡುವುದು ಹೇಗೆ?

ಬೇಕಲ ಬದಿಯವ
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ವಿವರ ಸ್ವಲ್ಪ ಉದ್ದ ಉಂಟು.

ಕಾಸರಗೋಡಿನ ಬೇಕಲ ಕೋಟೆಯ ಗೋಡೆಯ ಮೇಲಿಂದ ಸಂಜೆ ಹೊತ್ತು ತೆಗೆದ ಫೋಟೋಗಳು. ಎದುರಿಗೆ ಮುರಕಲ್ಲಿನ ಬುರುಜು, ಅದರ ಬುಡದಲ್ಲಿ ಮಳೆಗಾಲದ ಹುಲ್ಲು, ಆಚೆ ಸಮುದ್ರ, ಮೇಲೆ ಅರ್ಧಕ್ಕೆ ಮೋಡ. ಕ್ಯಾಮರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿತ್ತು, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ಹೊಂದಿಸುವ ಕೆಲಸ ಕ್ಯಾಮರಾಕ್ಕೇ ಬಿಟ್ಟಿದ್ದೆ. ಸ್ಕ್ರೀನಿನಲ್ಲಿ ನೋಡಿದರೆ ಕಲ್ಲು ಕೆಂಪೂ ಅಲ್ಲ, ಕಂದೂ ಅಲ್ಲ, ಬೂದಿಗೆ ತಿರುಗಿದೆ. ಎಡಿಟ್ ಮಾಡುವಾಗ ಟೆಂಪರೇಚರ್ (ಬಣ್ಣದ ಬಿಸುಪು) ಸ್ಲೈಡರನ್ನು ಬಲಕ್ಕೆ, ಹಳದಿ ಕಡೆಗೆ ಎಳೆದರೆ ಕಲ್ಲು ಸರಿಯಾಗುತ್ತದೆ, ಆದರೆ ಸಮುದ್ರ ಹಸಿರಾಗುತ್ತದೆ, ಮೋಡಕ್ಕೆ ಅರಿಶಿನ ಬಣ್ಣ ಬರುತ್ತದೆ. ಎಡಕ್ಕೆ ಎಳೆದರೆ ಸಮುದ್ರ ಚೆಂದ, ಕಲ್ಲು ಸತ್ತೇ ಹೋಗುತ್ತದೆ. ಹುಲ್ಲಿನ ಹಸಿರು ಮಾತ್ರ ಎರಡೂ ಕಡೆ ಕಣ್ಣಿಗೆ ಚುಚ್ಚುತ್ತದೆ.

ರಾ ಫೈಲ್ (ಕ್ಯಾಮರಾ ಕಂಡದ್ದನ್ನು ತಿದ್ದದೆ ಇಟ್ಟ ಫೈಲ್) ಉಂಟು. ಎಡಿಟ್ ಮಾಡಲಿಕ್ಕೆ ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್, ಲ್ಯಾಪ್‌ಟಾಪ್‌ನಲ್ಲಿ ಡಾರ್ಕ್‌ಟೇಬಲ್. ತಿಂಗಳ ಚಂದಾ ಕೊಡುವ ಸಾಫ್ಟ್‌ವೇರ್ ಬೇಡ. ಮೊದಲು ಬಣ್ಣ ನೋಡಬೇಕಾ, ಬೆಳಕು ನೋಡಬೇಕಾ? ಒಂದೇ ಚಿತ್ರದಲ್ಲಿ ಕಲ್ಲಿಗೂ ಸಮುದ್ರಕ್ಕೂ ನ್ಯಾಯ ಸಿಗುವ ದಾರಿ ಉಂಟಾ? ನಮ್ಮ ಊರಿನ ಕೆಂಪು ನಮ್ಮ ಊರಿನದೇ ಅಂತ ಕಾಣಬೇಕು, ಅಷ್ಟೇ ಆಸೆ.

ಕುಂಬಳೆ ಕ್ಯಾಮರಾ
ಆಟೋ ಬಿಡಿ. ಡೇಲೈಟ್‌ಗೆ ಹಾಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬದಿಯಡ್ಕದಿಂದ
ರಾ ಫೈಲ್ ಅಂದಮೇಲೆ ಕ್ಯಾಮರಾದಲ್ಲಿ ಏನಿಟ್ಟರೂ ಒಂದೇ ಅಲ್ವಾ? ವೈಟ್ ಬ್ಯಾಲೆನ್ಸ್ ಅನ್ನುವುದು ಫೈಲಿನ ಜೊತೆ ಬರುವ ಒಂದು ಟಿಪ್ಪಣಿ ಅಷ್ಟೇ. ಆಮೇಲೆ ಬದಲಾಯಿಸಿದರೆ ನಷ್ಟ ಏನೂ ಇಲ್ಲ.

ಕುಂಬಳೆ ಕ್ಯಾಮರಾ
ಫೈಲಿಗೆ ಒಂದೇ, ಒಪ್ಪಿದೆ. ಎಡಿಟ್ ಮಾಡುವವರ ಕಣ್ಣಿಗೆ ಒಂದೇ ಅಲ್ಲ. ಆಟೋ ಅಂದರೆ ಚೌಕಟ್ಟಿನೊಳಗಿನ ಬಣ್ಣ ನೋಡಿ, ಬೆಳಕು ಎಂಥದ್ದಿರಬಹುದು ಅಂತ ಕ್ಯಾಮರಾ ಊಹೆ ಮಾಡುವುದು. ಆ ಊಹೆಯ ಹಳೇ ಲೆಕ್ಕ ಹೀಗೆ: ಯಾವ ದೃಶ್ಯದ ಬಣ್ಣಗಳನ್ನಾದರೂ ಕೂಡಿಸಿ ಸರಾಸರಿ ತೆಗೆದರೆ ಬೂದು ಬರಬೇಕು. ಈಗಿನ ಕ್ಯಾಮರಾಗಳ ಲೆಕ್ಕ ಅದಕ್ಕಿಂತ ಚುರುಕು, ಆದರೂ ಚೌಕಟ್ಟಿನ ತುಂಬ ಮುರಕಲ್ಲು ಇದ್ದರೆ "ಬೆಳಕೇ ಕೆಂಪು" ಅಂದುಕೊಂಡು ನೀಲಿ ಸೇರಿಸಿಬಿಡುತ್ತವೆ. ಸ್ವಲ್ಪ ಆಚೆ ತಿರುಗಿಸಿ ಸಮುದ್ರ ಜಾಸ್ತಿ ಬಂದರೆ ಊಹೆ ಮತ್ತೆ ಬದಲು. ಒಂದೇ ಸಂಜೆಯ ಫೋಟೋಗಳು ಒಂದೊಂದು ಬಣ್ಣ.

ಡೇಲೈಟ್ ಅಂದರೆ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ). ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಅದು ಊಹೆ ಮಾಡುವುದಿಲ್ಲ. ಹಾಗಾಗಿ ಸಂಜೆ ಸಂಜೆಯಾಗಿಯೇ ಕಾಣುತ್ತದೆ, ಮತ್ತೆ ನೀವು ಬೇಕಾದಷ್ಟು ತಿದ್ದಬಹುದು.

ಹಳೇ ಸ್ಟುಡಿಯೋ
ಇದು ಕ್ಯಾಮರಾಗಳು ಹೊಸದಾಗಿ ತಂದ ತೊಂದರೆ ಅಲ್ಲ. ಫಿಲ್ಮ್ ಕಾಲದ ಕಲರ್ ಲ್ಯಾಬಿನಲ್ಲಿ ಇದಕ್ಕೆ ಸಬ್ಜೆಕ್ಟ್ ಫೇಲ್ಯೂರ್ ಅಂತಲೇ ಹೇಳುತ್ತಿದ್ದೆವು. ಕೆಂಪು ಗೋಡೆಯ ಎದುರು ಕೆಂಪು ಸೀರೆ ಉಟ್ಟು ನಿಂತ ಮದುಮಗಳ ನೆಗೆಟಿವ್ ಪ್ರಿಂಟರಿಗೆ ಹಾಕಿದರೆ, ಯಂತ್ರ ತಾನಾಗಿ ಸರಾಸರಿ ಬೂದು ಮಾಡಲಿಕ್ಕೆ ಹೋಗಿ ಮುಖಕ್ಕೆ ನೀಲಿ ಹಸಿರು ಬಳಿದು ಕೊಡುತ್ತಿತ್ತು. ಸರಾಸರಿ ಬೂದಿನ ಈ ಉಪಾಯ 1940ರ ದಶಕದಲ್ಲಿ ಕೊಡಾಕ್‌ನ ರಾಲ್ಫ್ ಇವಾನ್ಸ್ ಕೊಟ್ಟದ್ದು. ಹೆಚ್ಚಿನ ಪಾಲು ಫೋಟೋಗಳಿಗೆ ಸರಿಯಾಗುತ್ತದೆ, ಕೆಲವಕ್ಕೆ ಪೂರ್ತಿ ಕೈಕೊಡುತ್ತದೆ.

ನಾವು ಆಗ ಕೈಯಲ್ಲಿ ತಿದ್ದುತ್ತಿದ್ದೆವು. ಡೆನ್ಸಿಟಿಗೆ (ಪ್ರಿಂಟ್ ಎಷ್ಟು ಕಪ್ಪು, ಎಷ್ಟು ಬಿಳುಪು ಅನ್ನುವುದಕ್ಕೆ) ಒಂದು ಕೀ, ಹಳದಿ, ಮೆಜೆಂಟಾ, ಸಯಾನ್ ಮೂರಕ್ಕೆ ಮೂರು. ಮೊದಲು ಡೆನ್ಸಿಟಿ, ಆಮೇಲೆ ಬಣ್ಣ. ಬೆಳಕು ತಪ್ಪಿದ ಪ್ರಿಂಟಿನಲ್ಲಿ ಬಣ್ಣ ಸರಿಯೋ ತಪ್ಪೋ ಅಂತ ಹೇಳಲಿಕ್ಕೇ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ: ಬೆಳಕು ಮೊದಲು.

ಮಂಜೇಶ್ವರದ ಅಲೆ
ಪೂರ್ತಿ ಒಪ್ಪಲಾರೆ. ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಅಂದರೆ ಚಿತ್ರದ ಕೆಂಪು, ಹಸಿರು, ನೀಲಿ ಪಾಲುಗಳಲ್ಲಿ (ಇವಕ್ಕೆ ಚಾನೆಲ್ ಅನ್ನುವುದು) ಕೆಂಪನ್ನೂ ನೀಲಿಯನ್ನೂ ಇಂತಿಷ್ಟು ಅಂತ ಗುಣಿಸುವುದು. ಗುಣಿಸಿದ ಕೂಡಲೇ ಬೆಳಕಿನ ಲೆಕ್ಕ ಬದಲಾಗುತ್ತದೆ. ಬಲಕ್ಕೆ ಎಳೆದಾಗ ಕೆಂಪು ಏರಿ ಸೂರ್ಯನ ಸುತ್ತ ಒಡೆದುಹೋಗುವುದು (ಅಳತೆ ಮೀರಿ ವಿವರ ಅಳಿಸಿಹೋಗುವುದು) ಅದಕ್ಕೇ. ಹಾಗಾಗಿ ಮೊದಲು ವೈಟ್ ಬ್ಯಾಲೆನ್ಸನ್ನು ಸುಮ್ನೆ ಅಂದಾಜಿಗೆ ಇಡಿ, ಆಮೇಲೆ ಎಕ್ಸ್‌ಪೋಶರ್, ಕಪ್ಪು ಬಿಂದು (ಎಲ್ಲಿಂದ ಪೂರ್ತಿ ಕಪ್ಪು ಅನ್ನುವುದು), ಕಾಂಟ್ರಾಸ್ಟ್. ಅದಾದ ಮೇಲೆ ವೈಟ್ ಬ್ಯಾಲೆನ್ಸ್‌ಗೆ ವಾಪಸ್ ಬಂದು ಸೂಕ್ಷ್ಮವಾಗಿ ತಿದ್ದಿ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಎಲ್ಲಕ್ಕಿಂತ ಕೊನೆಗೆ. ಕಾಂಟ್ರಾಸ್ಟ್ ಏರಿಸಿದಾಗ ಬಣ್ಣವೂ ತಾನಾಗಿ ಗಾಢವಾಗುತ್ತದೆ, ಮೊದಲೇ ಸ್ಯಾಚುರೇಶನ್ ಏರಿಸಿಕೊಂಡವರ ಹುಲ್ಲು ಪ್ಲಾಸ್ಟಿಕ್ ಹುಲ್ಲಿನ ಹಾಗೆ ಕಾಣುವುದು ಅಲ್ಲಿಂದ.

ಹಳೇ ಸ್ಟುಡಿಯೋ
ಸರಿ, ಡಿಜಿಟಲ್‌ಗೆ ನಿಮ್ಮ ಕ್ರಮವೇ ಒಳ್ಳೆಯದು. ಹೋಗಿ ಬಂದು ಮಾಡುವುದು ಲ್ಯಾಬಿನಲ್ಲೂ ಇತ್ತು.

ಮುಳ್ಳೇರಿಯ
ನನಗೊಂದು ಸಂಶಯ. ಕೆಲ್ವಿನ್ ಜಾಸ್ತಿ ಆದಷ್ಟು ಬೆಳಕು ನೀಲಿ ಅಂತ ಓದಿದ್ದೇನೆ. ಮೇಣದ ಬತ್ತಿ 1900ರ ಹತ್ತಿರ, ನೆರಳು 7000ದ ಮೇಲೆ. ಹಾಗಾದರೆ ಸ್ಲೈಡರಿನಲ್ಲಿ ಕೆಲ್ವಿನ್ ಏರಿಸಿದರೆ ಚಿತ್ರ ಯಾಕೆ ಹಳದಿ ಆಗುತ್ತದೆ? ಉಲ್ಟಾ ಅಲ್ವಾ?

ಪೊಸಡಿ ಗುಂಪೆ
ಉಲ್ಟಾ ಅಲ್ಲ. ಸ್ಲೈಡರಿನಲ್ಲಿ 8000 ಇಟ್ಟರೆ "ಆ ಜಾಗದ ಬೆಳಕು ಅಷ್ಟು ನೀಲಿ ಇತ್ತು" ಅಂತ ನೀವು ಸಾಫ್ಟ್‌ವೇರಿಗೆ ಹೇಳಿದ್ದೀರಿ. ಅದು ಆ ನೀಲಿಯನ್ನು ಕಳೆಯಲಿಕ್ಕೆ ಹಳದಿ ಸೇರಿಸುತ್ತದೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಅಲ್ಲಿ ಇರುವುದು ಒಂದು ಬೆಳಕಲ್ಲ, ಎರಡು. ಬುರುಜಿನ ಪಡುವಣ ಮುಖಕ್ಕೆ ಬೀಳುವುದು ಇಳಿಬಿಸಿಲು, 3500ರ ಆಸುಪಾಸು. ಬುರುಜಿನ ನೆರಳಿನ ಮಗ್ಗುಲು, ಹುಲ್ಲಿನ ತಗ್ಗು, ಇವಕ್ಕೆ ಬೆಳಕು ಕೊಡುವುದು ನೀಲಿ ಆಕಾಶ, ಅದು 10000ವನ್ನೂ ದಾಟಬಹುದು. ಒಂದು ಸ್ಲೈಡರ್ ಇವೆರಡನ್ನೂ ಒಟ್ಟಿಗೆ ಸರಿ ಮಾಡಲಾರದು. ನೀವು ಎಡಕ್ಕೂ ಬಲಕ್ಕೂ ಎಳೆದಾಡಿದ್ದು ಅದಕ್ಕೇ. ತಪ್ಪು ನಿಮ್ಮದಲ್ಲ, ಒಂದೇ ಸಂಖ್ಯೆಯಲ್ಲಿ ಇಡೀ ದೃಶ್ಯ ಮುಗಿಯಬೇಕು ಅನ್ನುವ ಯೋಚನೆಯದು.

ಡಾರ್ಕ್‌ಟೇಬಲ್‌ನಲ್ಲಿ ಮಾಡುವ ದಾರಿ: ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಕ್ಯಾಮರಾ ರೆಫರೆನ್ಸ್‌ನಲ್ಲೇ ಬಿಡಿ, ಮುಟ್ಟಬೇಡಿ. ಬಣ್ಣ ತಿದ್ದುವುದೆಲ್ಲ ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನಲ್ಲಿ. ಎರಡರಲ್ಲೂ ತಿದ್ದಿದರೆ ಒಂದರ ಮೇಲೊಂದು ಕೂತು ಬಣ್ಣ ಕೆಡುತ್ತದೆ, ಡಾರ್ಕ್‌ಟೇಬಲ್ ತಾನೇ ಕೆಂಪು ಅಕ್ಷರದಲ್ಲಿ ಎಚ್ಚರಿಕೆಯನ್ನೂ ಕೊಡುತ್ತದೆ. ಇಡೀ ಚಿತ್ರಕ್ಕೆ ಒಂದು ಕ್ಯಾಲಿಬ್ರೇಶನ್ ಇಟ್ಟು, ಅದರ ಎರಡನೇ ಪ್ರತಿ ತೆಗೆದು, ಕಲ್ಲಿನ ಮೇಲೆ ಮಾತ್ರ ಮಾಸ್ಕ್ (ತಿದ್ದುಪಡಿ ತಗಲಬೇಕಾದ ಜಾಗದ ಗುರುತು) ಬಿಡಿಸಿ. ಕಲ್ಲಿಗೆ ಬೇರೆ ಬಿಸುಪು, ಸಮುದ್ರಕ್ಕೆ ಬೇರೆ.

ಆದರೆ ಎರಡನ್ನೂ ಪೂರ್ತಿ ಸಮ ಮಾಡಬೇಡಿ. ಬಿಸಿಲಿನ ಕಲ್ಲು ಬೆಚ್ಚಗೆ, ನೆರಳು ತುಸು ನೀಲಿ, ಹಾಗೆ ಇದ್ದರೇ ಸಂಜೆ. ಆ ವ್ಯತ್ಯಾಸ ತೆಗೆದರೆ ಮಧ್ಯಾಹ್ನ ಒಂದು ಗಂಟೆಯ ಚಿತ್ರ ಆಗುತ್ತದೆ.

ಬದಿಯಡ್ಕದಿಂದ
ಸ್ನ್ಯಾಪ್‌ಸೀಡ್‌ನಲ್ಲಿ ಮಾಸ್ಕ್ ಮಾಡಬಹುದಾ?

ಪೊಸಡಿ ಗುಂಪೆ
ಮಾಡಬಹುದು. ವೈಟ್ ಬ್ಯಾಲೆನ್ಸ್ ಹಾಕಿದ ಮೇಲೆ ಎಡಿಟ್‌ಗಳ ಪಟ್ಟಿ ತೆರೆದು, ಆ ಎಡಿಟ್ ಮುಟ್ಟಿದರೆ ಬ್ರಶ್ ಬರುತ್ತದೆ. ಬೆರಳಲ್ಲಿ ಬಳಿದ ಜಾಗಕ್ಕೆ ಮಾತ್ರ ತಗಲುತ್ತದೆ. ಝೂಮ್ ಮಾಡಿ ಬಳಿಯಿರಿ.

ಅಡಿಕೆ ತೋಟದವರು
ನಮ್ಮ ತೊಂದರೆ ಬೇರೆ. ತೋಟದೊಳಗೆ ಎಲ್ಲಿ ನೋಡಿದರೂ ಹಸಿರು. ಸೋಗೆಗಳ ಎಡೆಯಿಂದ ಸೋಸಿ ಬರುವ ಬೆಳಕೇ ಹಸಿರು, ಮನುಷ್ಯರ ಮುಖವೂ ಹಸಿರು. ಟೆಂಪರೇಚರ್ ಎಷ್ಟು ಎಳೆದರೂ ಹೋಗುವುದಿಲ್ಲ.

ಮಂಜೇಶ್ವರದ ಅಲೆ
ಟೆಂಪರೇಚರ್‌ನಿಂದ ಹೋಗಲಿಕ್ಕಿಲ್ಲ. ಅದು ನೀಲಿ-ಹಳದಿ ಗೆರೆ. ನಿಮಗೆ ಬೇಕಾದ್ದು ಅದರ ಕೆಳಗಿನ ಟಿಂಟ್, ಹಸಿರು-ಮೆಜೆಂಟಾ ಗೆರೆ. ಮೆಜೆಂಟಾ ಕಡೆಗೆ ಸ್ವಲ್ಪವೇ ಎಳೆಯಿರಿ. ಜಾಸ್ತಿ ಆದರೆ ಅಡಿಕೆ ಮರದ ಬೂದು ಕಾಂಡಕ್ಕೆ ನೇರಳೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಕಾಂಡ ನೋಡಿಕೊಂಡೇ ತಿದ್ದಿ, ಎಲೆ ನೋಡಿಕೊಂಡು ಬೇಡ.

ಅಡಿಕೆ ತೋಟದವರು
ಕಾಂಡದ ಉಪಾಯ ಚೆನ್ನಾಗಿದೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಳೆಗಾಲದ ತೋಟದಲ್ಲಿ ಗೊನೆಗೂ ಕಾಂಡಕ್ಕೂ ಕೆಳಗಿನ ಕಲ್ಲಿಗೂ ತಿಳಿನೀಲಿ ಬಣ್ಣ ಇರುತ್ತದೆ, ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ್ದು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು, ಎಲ್ಲರಿಗೂ ಗೊತ್ತಲ್ಲ. ಪೇಟೆಯ ಒಬ್ಬರು ನಮ್ಮ ತೋಟದ ಫೋಟೋ ಎಡಿಟ್ ಮಾಡಿಕೊಟ್ಟಾಗ ಆ ನೀಲಿಯನ್ನು ಬಣ್ಣದ ದೋಷ ಅಂದುಕೊಂಡು ಪೂರ್ತಿ ತೆಗೆದಿದ್ದರು. ಗೊನೆಗಳೆಲ್ಲ ಹಳದಿ. ನೋಡಿದ ಊರವರು ಕೇಳಿದ್ದು, ಈ ಸಲ ಮದ್ದು ಬಿಡಲಿಲ್ಲವಾ ಅಂತ.

ಮುಳ್ಳೇರಿಯ
ಮಳೆ ಬಿಡುವು ಕೊಡದೆ ನಮ್ಮಲ್ಲಿ ಎರಡನೇ ಮದ್ದು ತಡವಾಯಿತು. ಕೊಳೆರೋಗ ಸುರುವಾಗಿದೆ. ನಿಮ್ಮ ಕಡೆ ಹೇಗೆ?

ಅಡಿಕೆ ತೋಟದವರು
ಇಲ್ಲಿಯೂ ಹಾಗೇ. ಬಿದ್ದ ಕಾಯಿ ಹೆಕ್ಕಿ ಹೊರಗೆ ಹಾಕಿ, ತೋಟದಲ್ಲೇ ಬಿಟ್ಟರೆ ಮತ್ತೆ ಹರಡುತ್ತದೆ.

ಕುಂಬಳೆ ಕ್ಯಾಮರಾ
ಫೋಟೋಗೆ ವಾಪಸ್ ಬರೋಣ ಮಾರಾಯ್ರೆ. ಆದರೆ ಅವರು ಹೇಳಿದ ಬೋರ್ಡೋ ವಿಷಯ ಈ ಇಡೀ ಚರ್ಚೆಗೆ ಮುಖ್ಯ ಅಂತ ನನಗೆ ಅನಿಸುತ್ತದೆ. ಯಾವ ಬಣ್ಣ ದೋಷ, ಯಾವ ಬಣ್ಣ ವಸ್ತುವಿನದ್ದೇ, ಅದು ಸ್ಥಳ ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವುದು. ಸಾಫ್ಟ್‌ವೇರಿಗೆ ಗೊತ್ತಿಲ್ಲ.

ಸಮುದ್ರದ ಪಕ್ಕ
ಅದೇ ಮಾತು ಸಮುದ್ರಕ್ಕೂ ಸೇರುತ್ತದೆ. ಫೋಟೋ ಹಾಕಿದವರು "ಸಮುದ್ರ ಹಸಿರಾಗುತ್ತದೆ" ಅಂತ ದೂರಿದ್ದಾರೆ. ಮಳೆಗಾಲದ ಹುಲ್ಲು ಉಂಟು ಅಂತಲೂ ಅವರೇ ಬರೆದಿದ್ದಾರೆ. ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಸಮುದ್ರ ನೀಲಿ ಎಲ್ಲಿರುತ್ತದೆ? ಚಂದ್ರಗಿರಿ ಹೊಳೆ ಕೆಂಪು ನೀರು ತಂದು ಸುರಿಯುತ್ತದೆ, ಅಲೆ ತಳದ ಮಣ್ಣು ಕದಡುತ್ತದೆ, ದಡದ ಹತ್ತಿರ ಕಂದು, ಸ್ವಲ್ಪ ಆಚೆ ಮಾಸಿದ ಹಸಿರು. ಹಸಿರೇ ಸರಿ ಬಣ್ಣ ಇರಬಹುದು!

ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಅಂತ ಸಿ.ವಿ. ರಾಮನ್ ತೋರಿಸಿದರು. 1921ರಲ್ಲಿ ಹಡಗಿನಲ್ಲಿ ಹೋಗುವಾಗ ಮೆಡಿಟರೇನಿಯನ್ ಸಮುದ್ರ ನೋಡಿ ಹುಟ್ಟಿದ ಯೋಚನೆ ಅದು. ಆಳವಾದ ತಿಳಿ ನೀರಿಗೆ ಆ ನೀಲಿ. ಜುಲೈ ತಿಂಗಳ ಬೇಕಲಕ್ಕೆ ಅಲ್ಲ. ಡಿಸೆಂಬರ್‌ನಲ್ಲಿ ಹೋಗಿ ನೋಡಿ, ಅದೇ ಜಾಗದಲ್ಲಿ ನೀಲಿ ಸಿಗುತ್ತದೆ.

ಬೇಕಲ ಬದಿಯವ
ಆಗಸ್ಟ್ ಕೊನೆಯ ಫೋಟೋ. ನೀವು ಹೇಳಿದ ಮೇಲೆ ಮತ್ತೆ ನೋಡಿದೆ, ದಡದ ಹತ್ತಿರ ಕಂದು ಪಟ್ಟಿ ಕಾಣುತ್ತದೆ. ನೀಲಿ ಮಾಡುವ ಯೋಚನೆ ಬಿಟ್ಟೆ. ಆದರೆ ಮೋಡದ ಹಳದಿ ಹೋಗಬೇಕು.

ನೇರ ಮಾತು
ಇಷ್ಟೆಲ್ಲ ಯಾಕೆ ಅಂತ ಅರ್ಥ ಆಗುವುದಿಲ್ಲ. ಕಂಡದ್ದನ್ನು ತೆಗೆಯಿರಿ, ಹಾಗೇ ಹಾಕಿ. ಎಡಿಟ್ ಮಾಡಿದ ಫೋಟೋ ಅಂದರೆ ಅದು ಸ್ಥಳದ ಫೋಟೋ ಅಲ್ಲ. ರಾಣಿಪುರಂ ಬೆಟ್ಟದ ಹುಲ್ಲನ್ನು ಕಿತ್ತಳೆ ಬಣ್ಣ ಮಾಡಿ, ಆಕಾಶಕ್ಕೆ ನೀಲಿ ಹಸಿರು ಬಳಿದು ಹಾಕುತ್ತಾರೆ. ದೂರದಿಂದ ಬಂದವರು "ಫೋಟೋದಲ್ಲಿ ಇದ್ದದ್ದು ಎಲ್ಲಿ" ಅಂತ ಕೇಳುತ್ತಾರೆ. ಊರಿಗೆ ಇದರಿಂದ ಒಳ್ಳೆಯದಾಗುವುದಿಲ್ಲ.

ಹಳೇ ಸ್ಟುಡಿಯೋ
ಕಿತ್ತಳೆ ಹುಲ್ಲಿನ ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಆದರೆ "ಎಡಿಟ್ ಮಾಡದ ಫೋಟೋ" ಅಂತ ಒಂದು ಇಲ್ಲ. ಮೊಬೈಲು ಜೆಪೆಗ್ (ಸಾಮಾನ್ಯ ಫೋಟೋ ಫೈಲ್) ಕೊಡುವಾಗ ತನ್ನೊಳಗೇ ಕಾಂಟ್ರಾಸ್ಟ್, ಬಣ್ಣ, ಶಾರ್ಪ್‌ನೆಸ್ ಎಲ್ಲ ಮಾಡಿಯೇ ಕೊಡುವುದು. ತಯಾರಕರ ಎಂಜಿನಿಯರ್ ಮಾಡಿದರೆ ನಿಜ, ನಾನು ಮಾಡಿದರೆ ಸುಳ್ಳು ಅನ್ನಲಿಕ್ಕೆ ಬರುವುದಿಲ್ಲ. ಫಿಲ್ಮಿನಲ್ಲೂ ಹಾಗೇ. 1990ರಲ್ಲಿ ಫ್ಯೂಜಿ ವೆಲ್ವಿಯಾ ಬಂತು, ಹಸಿರನ್ನೂ ಕೆಂಪನ್ನೂ ಇದ್ದದ್ದಕ್ಕಿಂತ ಗಾಢ ಮಾಡುವ ಸ್ಲೈಡ್ ಫಿಲ್ಮ್. ಬೆಟ್ಟ ಕಾಡು ತೆಗೆಯುವವರು ಅದಕ್ಕೇ ಮುಗಿಬಿದ್ದರು. ಫಿಲ್ಮ್ ಆರಿಸುವುದೇ ಆಗಿನ ಎಡಿಟ್.

ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಊರಿನ ಮೇಲೆ ಚಂದ್ರ ಏರಿದ್ದನ್ನು ತೆಗೆದರು. ಅದೇ ನೆಗೆಟಿವ್‌ನಿಂದ ದಶಕಗಟ್ಟಲೆ ಪ್ರಿಂಟ್ ಮಾಡಿದರು. ಮೊದಮೊದಲಿನ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡದ ಎಳೆಗಳು ಕಾಣುತ್ತವೆ, ಆಮೇಲಿನವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು. ಅದನ್ನು ಸುಳ್ಳು ಅಂತ ಯಾರೂ ಹೇಳಲಿಲ್ಲ.

ನೇರ ಮಾತು
ಅದು ಕಪ್ಪುಬಿಳುಪು. ನೋಡುವವರಿಗೆ ಅಲ್ಲಿ ಬಣ್ಣದ ಭರವಸೆ ಕೊಟ್ಟೇ ಇಲ್ಲ. ಬಣ್ಣದ ಫೋಟೋ ಭರವಸೆ ಕೊಡುತ್ತದೆ.

ಪೊಸಡಿ ಗುಂಪೆ
ಈ ಮಾತಿನಲ್ಲಿ ತೂಕ ಉಂಟು. ಕಪ್ಪುಬಿಳುಪು ನೋಡುವಾಗ ಯಾರೂ ಆಕಾಶದ ಬಣ್ಣ ಕೇಳುವುದಿಲ್ಲ.

ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ. ನನ್ನ ಫೋಟೋ ನೋಡಿದ ನಮ್ಮ ಕಡೆಯವರಿಗೆ ಅದು ಯಾವ ತಿಂಗಳು ಅಂತ ಗೊತ್ತಾಗಬೇಕು. ಜೂನ್‌ನ ಹುಲ್ಲು ತಿಳಿ ಹಳದಿ ಬೆರೆತ ಹಸಿರು. ಆಗಸ್ಟ್‌ನದು ಕಪ್ಪು ಬೆರೆತ ದಟ್ಟ ಹಸಿರು. ನವೆಂಬರ್‌ಗೆ ಪಾರೆಯ (ಮುರಕಲ್ಲಿನ ಬಯಲಿನ) ಮೇಲಿನ ಹುಲ್ಲು ಹೊಂಬಣ್ಣ, ಜನವರಿಗೆ ಒಣ ಹುಲ್ಲು, ಮಾರ್ಚ್‌ಗೆ ಬರೀ ಕಲ್ಲು. ಎಡಿಟ್ ಮಾಡಿದ ಮೇಲೂ ಈ ತಿಂಗಳು ಉಳಿದಿದ್ದರೆ ಎಷ್ಟು ಎಡಿಟ್ ಮಾಡಿದರೂ ತೊಂದರೆ ಇಲ್ಲ. ತಿಂಗಳು ಅಳಿಸಿ ಹೋದರೆ ಒಂದೇ ಸ್ಲೈಡರ್ ಮುಟ್ಟಿದ್ದರೂ ಜಾಸ್ತಿ ಆಯಿತು.

ನೇರ ಮಾತು
ಹಾಗಾದರೆ ಒಪ್ಪುತ್ತೇನೆ. ಪ್ರೀಸೆಟ್ (ಒಂದೇ ಒತ್ತಿಗೆ ಬಣ್ಣ ಬದಲಿಸುವ ಸಿದ್ಧ ಎಡಿಟ್) ಮಾರುವವರಿಗೆ ಇದನ್ನು ಹೇಳಿ. ಹನ್ನೆರಡು ತಿಂಗಳಿಗೂ ಒಂದೇ ಬಣ್ಣ.

ಅಕ್ಕಲಕೋಟೆ ಬಿಸಿಲು
ನಾನು ಸೊಲ್ಲಾಪುರ ಜಿಲ್ಲೆಯ ಕಡೆಯವನು. ನಮ್ಮಲ್ಲಿ ಎರೆ ಮಣ್ಣು, ಕಪ್ಪು. ಚಳಿಗಾಲದ ಜೋಳದ ಹೊಲ ತೆಗೆದರೆ ನಿಮ್ಮ ತೊಂದರೆಯ ಉಲ್ಟಾ. ಕ್ಯಾಮರಾ ಕಪ್ಪು ಮಣ್ಣು ನೋಡಿ ಬೆಳಕು ಕಡಿಮೆ ಇದೆ ಅಂದುಕೊಂಡು ಎಕ್ಸ್‌ಪೋಶರ್ ಏರಿಸುತ್ತದೆ. ಮಣ್ಣು ಬೂದಾಗುತ್ತದೆ, ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಜೊತೆಗೆ ಧೂಳಿನ ಮಬ್ಬು. ಡೀಹೇಜ್ ಹಾಕಿದರೆ ಮಬ್ಬು ಹೋಗುತ್ತದೆ, ಆದರೆ ದೂರದ ಮರಗಳೆಲ್ಲ ನೀಲಿ.

ಮಂಜೇಶ್ವರದ ಅಲೆ
ತೆಗೆಯುವಾಗಲೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮರಾ ಆರಿಸಿದ ಬೆಳಕನ್ನು ಏರಿಸುವ ಇಳಿಸುವ ಸೆಟ್ಟಿಂಗ್) ಮೈನಸ್ ಒಂದರ ಹತ್ತಿರ ಇಟ್ಟು ನೋಡಿ. ಬಿಳಿ ಮರಳಿನಲ್ಲಿ ಪ್ಲಸ್, ಎರೆ ಹೊಲದಲ್ಲಿ ಮೈನಸ್. ಆಕಾಶ ಒಡೆಯದಿದ್ದರೆ ನೆರಳನ್ನು ರಾ ಫೈಲಿನಿಂದ ಎತ್ತಬಹುದು. ಜೆಪೆಗ್‌ನಲ್ಲಿ ಒಂದು ಚಾನೆಲ್ಲಿಗೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16384. ಎತ್ತುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಪೂರ್ತಿ ಬಿಳಿಯಾದ ಆಕಾಶವನ್ನು ಮಾತ್ರ ಯಾವ ಫೈಲೂ ವಾಪಸ್ ಕೊಡುವುದಿಲ್ಲ.

ಡೀಹೇಜ್ ಇಡೀ ಚಿತ್ರಕ್ಕೆ ಹಾಕಬೇಡಿ. ದೂರದ ಪಟ್ಟಿಗೆ ಮಾತ್ರ ಮಾಸ್ಕ್ ಹಾಕಿ, ಅದೇ ಮಾಸ್ಕ್‌ನಲ್ಲಿ ಟೆಂಪರೇಚರ್ ಸ್ವಲ್ಪ ಏರಿಸಿ, ಸ್ಯಾಚುರೇಶನ್ ಸ್ವಲ್ಪ ಇಳಿಸಿ. ಪೂರ್ತಿ ಮಬ್ಬು ತೆಗೆಯಲೂ ಬೇಡಿ. ಜೋಳದ ಹೊಲದ ಉದ್ದಗಲ ಕಣ್ಣಿಗೆ ಕಾಣುವುದು ಆ ಮಬ್ಬಿನಿಂದಲೇ. ದೂರ ಹೋದಷ್ಟೂ ತೆಳುವಾಗಬೇಕು.

ಅಕ್ಕಲಕೋಟೆ ಬಿಸಿಲು
ಧನ್ಯವಾದ. ಹುರಡಾ ಸಮಯಕ್ಕೆ ತೆಗೆದು ಹಾಕುತ್ತೇನೆ.

ಸಮುದ್ರದ ಪಕ್ಕ
ಹುರಡಾ ಅಂದರೆ ಸೀತನಿ, ಸುಟ್ಟ ಎಳೆ ಜೋಳ, ಅಲ್ವಾ? ನಮಗೂ ಕಳಿಸಿ.

ಕುಂಬಳೆ ಕ್ಯಾಮರಾ
ಹಸಿರಿನ ವಿಷಯ ಬಾಕಿ ಉಳಿಯಿತು. ಹುಲ್ಲು ಕಣ್ಣಿಗೆ ಚುಚ್ಚುತ್ತದೆ ಅಂದಾಗ ಎಲ್ಲರೂ ಮೊದಲು ಮುಟ್ಟುವುದು ಹಸಿರು ಸ್ಲೈಡರ್. ಹುಲ್ಲಿನಲ್ಲಿ, ಗದ್ದೆಯಲ್ಲಿ ಇರುವುದು ಹೆಚ್ಚಾಗಿ ಹಳದಿ. ಹಳದಿಯ ಸ್ಯಾಚುರೇಶನ್ ಇಳಿಸಿ, ಹಳದಿಯ ಹ್ಯೂ (ಛಾಯೆ) ಚೂರು ಕಿತ್ತಳೆ ಕಡೆಗೆ ತಿರುಗಿಸಿ. ಆಮೇಲೆ ಹಸಿರಿನ ಲೂಮಿನೆನ್ಸ್ (ಹೊಳಪು) ಸ್ವಲ್ಪ ಇಳಿಸಿ. ಚುಚ್ಚುವುದು ಬಣ್ಣಕ್ಕಿಂತ ಹೆಚ್ಚಾಗಿ ಅದರ ಹೊಳಪು. ಡಾರ್ಕ್‌ಟೇಬಲ್‌ನ ಹೊಸ ಆವೃತ್ತಿಯಲ್ಲಿ ಕಲರ್ ಈಕ್ವಲೈಸರ್ ಉಂಟು, ಹಳೆಯದಾದರೆ ಕಲರ್ ಝೋನ್ಸ್. ಹಳದಿ ಇಳಿಸುವಾಗ ಕಲ್ಲಿನ ಕಿತ್ತಳೆಯೂ ಇಳಿಯದಂತೆ ಹುಲ್ಲಿಗೆ ಮಾತ್ರ ಮಾಸ್ಕ್ ಹಾಕಿ.

ಇನ್ನೊಂದು, ಒದ್ದೆ ಎಲೆಯ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಅದನ್ನು ಎಡಿಟ್‌ನಲ್ಲಿ ತೆಗೆಯಲಿಕ್ಕೆ ಆಗುವುದಿಲ್ಲ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಬೇಕು. ತಿರುಗಿಸುತ್ತ ಹೋದರೆ ಹೊಳಪು ಮಾಯವಾಗಿ ಎಲೆಯ ಸ್ವಂತ ಬಣ್ಣ ಬರುತ್ತದೆ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ಕಡಿಮೆಯಾಗುತ್ತದೆ, ಅದಕ್ಕೆ ತಯಾರಿರಿ.

ಬದಿಯಡ್ಕದಿಂದ
ಪೋಲರೈಸರ್ ಹಾಕಿ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಆಕಾಶದ ಒಂದು ಮೂಲೆ ಕಡು ನೀಲಿ, ಉಳಿದದ್ದು ಬಿಳಿಚು. ಸೂರ್ಯನಿಗೆ 90 ಡಿಗ್ರಿಯಲ್ಲಿ ಮಾತ್ರ ಪೂರ್ತಿ ಕೆಲಸ ಮಾಡುವುದರಿಂದ ಹಾಗೆ. ಸರಿ ಮಾಡಲಿಕ್ಕೆ ತುಂಬಾ ಕಷ್ಟ. ಆಕಾಶ ಇರುವ ಫೋಟೋಗೆ ಅರ್ಧ ಮಾತ್ರ ತಿರುಗಿಸಿ.

ಹೊಸೂರು ಹಾದಿ
ಕೃಷ್ಣಗಿರಿ ಜಿಲ್ಲೆಯಿಂದ ಒಂದು ಪ್ರಶ್ನೆ. ಬಂಡೆ ಬೆಟ್ಟಗಳ ಹಿಂದೆ ಸೂರ್ಯ ಹುಟ್ಟುವಾಗ ತೆಗೆದರೆ ಸೂರ್ಯನ ಸುತ್ತ ಕಿತ್ತಳೆ ಒಂದೇ ಚಪ್ಪಟೆ ಬಣ್ಣವಾಗಿ, ಅಂಚಿನಲ್ಲಿ ಹಳದಿ ಗೆರೆ ಬರುತ್ತದೆ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುವ ಬೆಳಕಿನ ನಕ್ಷೆ) ಸರಿಯಾಗಿಯೇ ಇರುತ್ತದೆ.

ಪೊಸಡಿ ಗುಂಪೆ
ನೀವು ನೋಡುತ್ತಿರುವುದು ಬಿಳಿ ಹಿಸ್ಟೋಗ್ರಾಮ್, ಅದು ಹೊಳಪಿನದ್ದು, ಅದರಲ್ಲಿ ಹಸಿರಿಗೇ ಹೆಚ್ಚು ಪಾಲು. ಉದಯ, ಅಸ್ತ ತೆಗೆಯುವಾಗ ಕೆಂಪು ಚಾನೆಲ್ಲಿನದ್ದು ಬೇರೆ ನೋಡಬೇಕು. ಅದು ಬಲದ ಗೋಡೆಗೆ ಎಲ್ಲಕ್ಕಿಂತ ಮೊದಲು ಬಡಿದಿರುತ್ತದೆ. ಕೆಂಪು ಒಡೆದ ಮೇಲೆ ಹಸಿರು ಮಾತ್ರ ಏರುತ್ತ ಹೋಗುವುದರಿಂದ ಕಿತ್ತಳೆ ಹಳದಿಯಾಗುತ್ತದೆ. ಕೆಂಪು ಗೋಡೆಗೆ ತಾಗದಷ್ಟು ಎಕ್ಸ್‌ಪೋಶರ್ ಇಳಿಸಿ. ಕ್ಯಾಮರಾದ ಹಿಸ್ಟೋಗ್ರಾಮ್ ಒಳಗಿನ ಜೆಪೆಗ್‌ನಿಂದ ಮಾಡಿದ್ದು, ಹಾಗಾಗಿ ಪಿಕ್ಚರ್ ಸ್ಟೈಲ್ (ಕ್ಯಾಮರಾದ ಬಣ್ಣದ ಸೆಟ್ಟಿಂಗ್) ನ್ಯೂಟ್ರಲ್‌ನಲ್ಲಿ ಇಟ್ಟರೆ ಅದು ರಾ ಫೈಲಿಗೆ ಹತ್ತಿರ ಇರುತ್ತದೆ.

ಮುಳ್ಳೇರಿಯ
ಬಣ್ಣದ ಅಳತೆಗೆ ಇಡುವ ಬೂದು ಕಾರ್ಡ್ ಇಲ್ಲದವರು ಡ್ರಾಪರ್ (ಇದು ಬಣ್ಣವಿಲ್ಲದ ಜಾಗ ಅಂತ ಸಾಫ್ಟ್‌ವೇರಿಗೆ ತೋರಿಸುವ ಗುಂಡಿ) ಎಲ್ಲಿ ಒತ್ತಬೇಕು? ಬಿಳಿ ಮುಂಡು ಉಟ್ಟವರು ಚಿತ್ರದಲ್ಲಿ ಇದ್ದರೆ ಅದರ ಮೇಲೆ ಒತ್ತಬಹುದಾ?

ಹಳೇ ಸ್ಟುಡಿಯೋ
ಮುಂಡಿನ ಮೇಲೆ ಬೇಡ! ಬಟ್ಟೆಗೆ ನೀಲಿ ಹಾಕಿರುತ್ತಾರೆ, ಸೋಪಿನ ಪುಡಿಯಲ್ಲೂ ಬಿಸಿಲಿಗೆ ನೀಲಿ ಹೊಳೆಯುವ ವಸ್ತು ಇರುತ್ತದೆ. ಅದನ್ನು ಬಿಳಿ ಅಂತ ಒಪ್ಪಿಸಿದರೆ ಇಡೀ ಚಿತ್ರ ಹಳದಿ. ಅಲೆಯ ನೊರೆಯೂ ನೆರಳಿನಲ್ಲಿದ್ದರೆ ನೀಲಿ. ಬಿಸಿಲು ಬಿದ್ದ ಹಳೇ ಸಿಮೆಂಟು, ಡಾಮರು ರಸ್ತೆ, ಇವು ಹೆಚ್ಚುಕಡಿಮೆ ಸರಿ. ನಮ್ಮ ಊರಲ್ಲಿ ಕೆಂಪು ಧೂಳು ಕೂರದ ರಸ್ತೆ ಹುಡುಕಬೇಕು ಅಷ್ಟೇ. 18 ಶೇಕಡಾ ಬೂದು ಕಾರ್ಡ್ ದುಬಾರಿ ಅಲ್ಲ, ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಅಡಿಕೆ ತೋಟದವರು
2015ರಲ್ಲಿ ಒಂದು ಬಟ್ಟೆಯ ಫೋಟೋ ಲೋಕವೆಲ್ಲ ಓಡಾಡಿತ್ತಲ್ಲ, ನೀಲಿ ಕಪ್ಪೋ, ಬಿಳಿ ಹೊಂಬಣ್ಣವೋ ಅಂತ. ನಮ್ಮ ಮನೆಯಲ್ಲಿ ಈಗಲೂ ಎರಡು ಪಕ್ಷ.

ಮಂಜೇಶ್ವರದ ಅಲೆ
ನಿಜವಾದ ಬಟ್ಟೆ ನೀಲಿ ಕಪ್ಪು. ಬಟ್ಟೆ ನೆರಳಲ್ಲಿದೆ ಅಂದುಕೊಂಡವರ ಮಿದುಳು ನೀಲಿಯನ್ನು ಕಳೆದುಬಿಟ್ಟಿತು, ಅವರಿಗೆ ಬಿಳಿ ಕಂಡಿತು. ನಮ್ಮೆಲ್ಲರ ತಲೆಯಲ್ಲೂ ಒಂದು ಆಟೋ ವೈಟ್ ಬ್ಯಾಲೆನ್ಸ್ ಓಡುತ್ತಿರುತ್ತದೆ. ಅದಕ್ಕೇ ಎಡಿಟ್ ಮಾಡುವಾಗ ಹತ್ತು ನಿಮಿಷ ಎದ್ದು ಹೋಗಿ ಬನ್ನಿ ಅನ್ನುವುದು. ಕೂತಲ್ಲೇ ಕೂತರೆ ಕಣ್ಣು ಯಾವ ಹಳದಿಗೂ ಒಗ್ಗಿಕೊಳ್ಳುತ್ತದೆ.

ಸ್ಕ್ರೀನಿನ ನೈಟ್ ಮೋಡ್ ಆಫ್ ಮಾಡಿದ್ದೀರಲ್ಲ? ಅದು ಆನ್ ಇದ್ದಾಗ ಇಡೀ ಸ್ಕ್ರೀನ್ ಹಳದಿ ಇರುತ್ತದೆ, ಅದನ್ನು ನೋಡಿಕೊಂಡು ತಿದ್ದಿದರೆ ಬೆಳಿಗ್ಗೆಗೆ ಚಿತ್ರ ನೀಲಿ. ಮೊಬೈಲ್‌ನ ವಿವಿಡ್ ಡಿಸ್‌ಪ್ಲೇ ಕೂಡ ನ್ಯಾಚುರಲ್‌ಗೆ ಹಾಕಿ. ಹಂಚಿಕೊಳ್ಳುವ ಫೈಲ್ ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣದ ಮಾನಕದಲ್ಲೇ ಇರಲಿ. ಅಡೋಬ್ ಆರ್‌ಜಿಬಿಯಲ್ಲಿ ಕಳಿಸಿದರೆ ಬಹಳ ಕಡೆ ಬಣ್ಣ ಮಂಕಾಗುತ್ತದೆ.

ಸಮುದ್ರದ ಪಕ್ಕ
ಇನ್ನೊಂದು ತಕರಾರು ಉಂಟು. ಕೋಟೆಯ ಕಲ್ಲು ಕೆಂಪು ಅಂತ ಎಲ್ಲರೂ ಮಾತಾಡುತ್ತಿದ್ದೇವೆ. ಇಕ್ಕೇರಿಯ ಶಿವಪ್ಪ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಗೋಡೆ ಅದು. ಹೊಸದಾಗಿ ಕಡಿದ ಮುರಕಲ್ಲು ಕೆಂಪು, ಕಬ್ಬಿಣದ ಅಂಶದಿಂದ. ಇಷ್ಟು ಮಳೆ ತಿಂದ ಗೋಡೆ ಪಾಚಿ ಹಿಡಿದು ಕಪ್ಪಾಗಿದೆ, ಎಡೆಯಲ್ಲಿ ಮಾತ್ರ ಕೆಂಪು ಕಾಣುತ್ತದೆ. ಇಡೀ ಗೋಡೆಯನ್ನು ಕಲ್ಲುಕ್ವಾರಿಯ ಕೆಂಪು ಮಾಡಿದರೆ ಅದೂ ತಪ್ಪೇ.

ಬೇಕಲ ಬದಿಯವ
ಸರಿಯಾದ ಮಾತು. ಎಲ್ಲರ ಉತ್ತರ ಓದಿ ಮತ್ತೆ ಕೂತೆ. ವೈಟ್ ಬ್ಯಾಲೆನ್ಸ್ ಮುಟ್ಟದೆ ಕ್ಯಾಲಿಬ್ರೇಶನ್ ಎರಡು ಪ್ರತಿ ಮಾಡಿದೆ. ಕಲ್ಲಿನ ಬಿಸಿಲು ಮುಖಕ್ಕೆ ಮಾತ್ರ ಬಿಸುಪು, ಪಾಚಿಯ ಕಪ್ಪು ಹಾಗೇ ಬಿಟ್ಟೆ. ಸಮುದ್ರ ಮಾಸಿದ ಹಸಿರಾಗಿಯೇ ಇದೆ. ಹಳದಿಯ ಹೊಳಪು ಇಳಿಸಿದ ಮೇಲೆ ಹುಲ್ಲು ಆಗಸ್ಟ್‌ನ ಹುಲ್ಲಾಯಿತು, ನೋಡಿ ಬಹಳ ಖುಷಿ ಆಯಿತು. ಈಗ ಉಳಿದದ್ದು, ಬುರುಜಿನ ಅಂಚಿಗೂ ಆಕಾಶಕ್ಕೂ ಮಧ್ಯೆ ಬೆಳ್ಳಗಿನ ಒಂದು ಗೆರೆ.

ಪೊಸಡಿ ಗುಂಪೆ
ಮಾಸ್ಕ್‌ನ ಅಂಚು ಅದು. ಫೆದರಿಂಗ್ ರೇಡಿಯಸ್ ಸ್ವಲ್ಪ ಏರಿಸಿ, ಆಗ ಮಾಸ್ಕ್ ಚಿತ್ರದ ಅಂಚನ್ನೇ ಹಿಡಿದುಕೊಳ್ಳುತ್ತದೆ. ಲೋಕಲ್ ಕಾಂಟ್ರಾಸ್ಟ್ (ಸಣ್ಣ ವಿವರ ಎದ್ದು ಕಾಣಿಸುವ ಮಾಡ್ಯೂಲ್) ಜಾಸ್ತಿ ಹಾಕಿದ್ದರೆ ಅರ್ಧ ಮಾಡಿ, ಆ ಗೆರೆಗೆ ಅದೂ ಕಾರಣ.

ಬೇಕಲ ಬದಿಯವ
ಹೋಯಿತು! ಇದನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಬೇಕು ಅಂತ ಉಂಟು. ಕ್ಯಾಮರಾ 24 ಮೆಗಾಪಿಕ್ಸೆಲ್. ಸಾಕಾ?

ಹಳೇ ಸ್ಟುಡಿಯೋ
ಧಾರಾಳ ಸಾಕು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕಕ್ಕೆ 5400×3600 ಪಿಕ್ಸೆಲ್ ಬೇಕು, ನಿಮ್ಮಲ್ಲಿ 6000×4000 ಉಂಟು. ಸ್ಕ್ರೀನಿನಲ್ಲಿ ಬೆಳಕು ಹಿಂದಿನಿಂದ ಬರುತ್ತದೆ, ಕಾಗದದಲ್ಲಿ ಹಾಗಿಲ್ಲ, ಆದ್ದರಿಂದ ನೆರಳನ್ನು ಕಾಲು ಸ್ಟಾಪಿನಷ್ಟು ಎತ್ತಿ ಕಳಿಸಿ. ಇಲ್ಲದಿದ್ದರೆ ಪಾಚಿಯ ಕಪ್ಪೆಲ್ಲ ಮುದ್ದೆಯಾಗುತ್ತದೆ. ಲ್ಯಾಬಿನವರಿಗೆ ಆಟೋ ಕರೆಕ್ಷನ್ ಬೇಡ ಅಂತ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಅವರ ಯಂತ್ರ ಮತ್ತೆ ಸರಾಸರಿ ಬೂದು ಮಾಡಿಬಿಡುತ್ತದೆ. ಮೊದಲು ಸಣ್ಣ ಅಳತೆಯಲ್ಲಿ ಒಂದು ಹಾಕಿಸಿ, ಹಗಲು ಬೆಳಕಿಗೆ ಹಿಡಿದು ನೋಡಿ. ಮ್ಯಾಟ್ ಕಾಗದ ತೆಗೆದುಕೊಳ್ಳಿ, ಗಾಜಿಗೂ ಪ್ರಿಂಟಿಗೂ ಮಧ್ಯೆ ರಟ್ಟಿನ ಮೌಂಟ್ ಇಟ್ಟೇ ಫ್ರೇಮ್ ಹಾಕಿಸಿ. ನಮ್ಮ ಮಳೆಗಾಲಕ್ಕೆ ಗಾಜಿಗೆ ತಾಗಿದ ಪ್ರಿಂಟ್ ಅಂಟಿಕೊಂಡುಬಿಡುತ್ತದೆ.

ಬೇಕಲ ಬದಿಯವ
ಆಯಿತು. ಸಣ್ಣದನ್ನು ಈ ವಾರವೇ ಕೊಡುತ್ತೇನೆ.